ಒಂದು ಸಾಲು ಕೆಳಗೆ ಜಾರಿದಾಗ

ಅಂಕಪಟ್ಟಿಯಲ್ಲಿ ಹೆಸರುಗಳೆಲ್ಲ ಒಂದೊಂದು ಸಾಲು ಕೆಳಗೆ ಜಾರಿದರೆ ಏನಾಗುತ್ತದೆ ಎಂಬುದು ಎಲ್ಲ ಮೇಷ್ಟ್ರಿಗೂ ಗೊತ್ತು. ಪಾಸಾದವರು ಫೇಲಾಗುತ್ತಾರೆ, ಫೇಲಾದವರು ಪಾಸಾಗುತ್ತಾರೆ. ಸಂಜೆಯೊಳಗೆ ಯಾರದೋ ಅಪ್ಪ ಬಂದು ಜಗಳ ತೆಗೆದು, ತಪ್ಪು ಸರಿಹೋಗುತ್ತದೆ. ಪಟ್ಟಿಯಲ್ಲಿರುವುದು ಜೀನುಗಳ ಹೆಸರಾದರೆ ಜಗಳಕ್ಕೆ ಬರುವವರೇ ಇರುವುದಿಲ್ಲ.

ಮೈಕ್ರೋಅರೇ ಎಂದರೆ ಸಾವಿರಾರು ಚುಕ್ಕೆಗಳಿರುವ ಒಂದು ಪುಟ್ಟ ಚಿಪ್. ಜೀವಕೋಶದಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬುದನ್ನು ಆ ಚುಕ್ಕೆಗಳ ಹೊಳಪು ಹೇಳುತ್ತದೆ. ಈ ಹೊಳಪನ್ನು ಓದಿ ಯಾವ ಕ್ಯಾನ್ಸರ್ ಗಡ್ಡೆಗೆ ಯಾವ ಔಷಧ ನಾಟುತ್ತದೆಂದು ಮೊದಲೇ ಹೇಳಬಹುದು ಎಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅನಿಲ್ ಪೊಟ್ಟಿ ಮತ್ತು ಸಂಗಡಿಗರು 2006ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬರೆದರು. ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿದರು. ಉತ್ತರ ಬರಲಿಲ್ಲ. ತಿಂಗಳುಗಟ್ಟಲೆ ಕೆದಕಿದ ಮೇಲೆ ಕಂಡದ್ದು: ಜೀನುಗಳ ಪಟ್ಟಿ ಒಂದು ಸಾಲು ಜಾರಿತ್ತು. ಕೆಲವೆಡೆ ‘ಔಷಧಕ್ಕೆ ಬಗ್ಗುವ’ ಮತ್ತು ‘ಬಗ್ಗದ’ ಎಂಬ ಚೀಟಿಗಳು ಅದಲುಬದಲಾಗಿದ್ದವು.

ಅಷ್ಟರಲ್ಲಿ, 2007ರಲ್ಲೇ, ಈ ಲೆಕ್ಕವನ್ನು ನಂಬಿ ರೋಗಿಗಳಿಗೆ ಔಷಧ ಆರಿಸುವ ಪ್ರಯೋಗಗಳು ಶುರುವಾಗಿದ್ದವು. ಚೀಟಿ ಅದಲುಬದಲಾದರೆ ರೋಗಿಗೆ ಸಿಗುವುದು ನಾಟದ ಔಷಧ. ಬ್ಯಾಗರ್ಲಿ, ಕೂಂಬ್ಸ್ 2009ರಲ್ಲಿ ಎಲ್ಲವನ್ನೂ ಬರೆದು ಪ್ರಕಟಿಸಿದರೂ ಪ್ರಯೋಗಗಳು ಪೂರ್ತಿ ನಿಂತದ್ದು 2010ರಲ್ಲಿ. ಪ್ರಬಂಧವನ್ನು 2011ರಲ್ಲಿ ಹಿಂಪಡೆಯಲಾಯಿತು. ಪೊಟ್ಟಿ ದತ್ತಾಂಶವನ್ನು ತಿರುಚಿದ್ದರೆಂದು 2015ರಲ್ಲಿ ಅಮೆರಿಕ ಸರ್ಕಾರದ ಸಂಶೋಧನಾ ಪ್ರಾಮಾಣಿಕತೆಯ ಕಚೇರಿ ತೀರ್ಮಾನಿಸಿತು.

ಹಾಗಾದರೆ ಇದು ಮೋಸದ ಕಥೆ, ತರಬೇತಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಮೋಸ ಅಷ್ಟು ಕಾಲ ಅಡಗಿ ಕೂತದ್ದು ಸುತ್ತಲಿದ್ದವರು ಮೂಲ ಪಟ್ಟಿಯನ್ನು ತೆರೆದು ನೋಡದಿದ್ದರಿಂದ. ಫಲಿತಾಂಶದ ಬಣ್ಣದ ಚಿತ್ರ ನೋಡಿ ತಲೆದೂಗುವವರಿಗೆ ಮೋಸವೂ ಒಂದೇ, ಕೈತಪ್ಪೂ ಒಂದೇ.

ಕೈತಪ್ಪಿಗೆ ಮೋಸದ ನೆರವೂ ಬೇಕಿಲ್ಲ. 20,000 ಜೀನುಗಳನ್ನು ಒಂದೊಂದಾಗಿ ಶೇ 5ರ ಮಿತಿಯಲ್ಲಿ ಪರೀಕ್ಷಿಸಿದರೆ, ನಿಜವಾದ ವ್ಯತ್ಯಾಸ ಒಂದೂ ಇಲ್ಲದಿದ್ದರೂ ಸುಮಾರು 1,000 ಜೀನುಗಳು ‘ಮಹತ್ವದವು’ ಎಂದು ಮೇಲೆದ್ದು ಬರುತ್ತವೆ. 2007ರ ಒಂದು ಅಧ್ಯಯನ ಯುರೋಪ್ ಮೂಲದವರ ಮತ್ತು ಏಷ್ಯಾದವರ ಜೀನ್ ಚಟುವಟಿಕೆಯಲ್ಲಿ ದೊಡ್ಡ ಅಂತರ ಕಂಡಿತು. ಇನ್ನೊಂದು ತಂಡ ತಾರೀಖು ನೋಡಿತು: ಎರಡು ಗುಂಪುಗಳ ಚಿಪ್‌ಗಳನ್ನು ಹೆಚ್ಚಾಗಿ ಬೇರೆ ಬೇರೆ ವರ್ಷಗಳಲ್ಲಿ ಓಡಿಸಲಾಗಿತ್ತು. ಅಂತರ ಜನರದೋ, ವರ್ಷದ್ದೋ, ಹೇಳುವಂತೆಯೇ ಇರಲಿಲ್ಲ. ಎಕ್ಸೆಲ್ಲಂತೂ ‘ಸೆಪ್ಟ್2’ ಎಂಬ ಜೀನನ್ನು ಸೆಪ್ಟೆಂಬರ್ 2 ಮಾಡುತ್ತಿತ್ತು. ಕೊನೆಗೆ 2020ರ ಹೊತ್ತಿಗೆ ಅಂಥ ಜೀನುಗಳ ಹೆಸರನ್ನೇ ಬದಲಿಸಬೇಕಾಯಿತು.

ಲೆಕ್ಕವನ್ನು ಸಂಖ್ಯಾಶಾಸ್ತ್ರಜ್ಞರಿಗೆ ವಹಿಸಿದರೆ ಸಾಲದೇ ಎಂಬ ವಾದವಿದೆ. ಸಾಲದು. ಯಾವ ಟ್ಯೂಬು ಯಾವ ದಿನದ್ದು, ಯಾವ ಚೀಟಿಯನ್ನು ಯಾರು ಅಂಟಿಸಿದರು ಎಂಬುದು ಗೊತ್ತಿರುವುದು ಪ್ರಯೋಗ ಮಾಡಿದವರಿಗೆ. ಅವರೇ ಲೆಕ್ಕದಿಂದ ದೂರ ನಿಂತರೆ ತಪ್ಪು ಇಬ್ಬರ ನಡುವಿನ ಸಂದಿಯಲ್ಲಿ ನುಸುಳುತ್ತದೆ. ಮೈಕ್ರೋಅರೇ ಹಳತಾಯಿತು, ಈಗ ಆರ್‌ಎನ್‌ಎ ಸೀಕ್ವೆನ್ಸಿಂಗ್ ಕಾಲ ಎನ್ನುವವರಿಗೂ ಇದೇ ಉತ್ತರ. ಯಂತ್ರ ಬದಲಾಗಿದೆ, ಸಾಲು-ಕಾಲಂಗಳು ಬದಲಾಗಿಲ್ಲ.

ಎರಡು-ಮೂರು ದಿನದ ಕಾರ್ಯಾಗಾರದಲ್ಲಿ ಯಾರೋ ಮೊದಲೇ ತೊಳೆದಿಟ್ಟ ದತ್ತಾಂಶದ ಮೇಲೆ ಯಾವ ಗುಂಡಿ ಒತ್ತಬೇಕೆಂದು ಕಲಿಸಿ ಸರ್ಟಿಫಿಕೇಟು ಕೊಡುವುದರಿಂದ ಇದು ಬಗೆಹರಿಯುವುದಿಲ್ಲ. ತರಬೇತಿಯ ಮೊದಲ ಪಾಠ ಬೇರೆಯದಾಗಬೇಕು: ಪ್ರಕಟವಾದ ಒಂದು ಪ್ರಬಂಧ, ಅದರ ಮೂಲ ದತ್ತಾಂಶ, ‘ಇದೇ ಉತ್ತರ ಬರಿಸು’ ಎಂಬ ಒಂದು ಮಾತು. ಸಾಲು ಎಣಿಸು, ತಾರೀಖು ನೋಡು, ಚೀಟಿ ತಾಳೆ ಹಾಕು, ಮಾಡಿದ ಪ್ರತಿ ಹೆಜ್ಜೆಯನ್ನೂ ಬೇರೆಯವರು ಮತ್ತೆ ನಡೆಯುವಂತೆ ಬರೆದಿಡು. ಉತ್ತರ ಬಾರದಿದ್ದರೆ ಏಕೆಂದು ಹುಡುಕಿದವರಿಗೂ ಪೂರ್ತಿ ಅಂಕ.

ಇದಕ್ಕೆ ದೊಡ್ಡ ದುಡ್ಡೂ ಬೇಡ. ಆರ್ ಮತ್ತು ಬಯೋಕಂಡಕ್ಟರ್ ತಂತ್ರಾಂಶಗಳು ಉಚಿತ. ಜಿಇಒ ಭಂಡಾರದ ದತ್ತಾಂಶ ಎಲ್ಲರಿಗೂ ತೆರೆದಿದೆ. ಪುಣೆಯ ವಿದ್ಯಾರ್ಥಿಗೂ ಧಾರವಾಡದ ವಿದ್ಯಾರ್ಥಿಗೂ ಹ್ಯೂಸ್ಟನ್ನಿನವರಿಗೆ ಸಿಗುವ ಪಟ್ಟಿಯೇ ಸಿಗುತ್ತದೆ. ಬೇಕಾದದ್ದು, ಗುರುವಿನ ಪ್ರಬಂಧದ ಲೆಕ್ಕವನ್ನೂ ಶಿಷ್ಯ ಮತ್ತೆ ಮಾಡಿ ನೋಡಬಹುದು, ಅದು ಅಧಿಕಪ್ರಸಂಗವಲ್ಲ ಎಂಬ ಒಪ್ಪಿಗೆ. ಅದನ್ನು ಕೊಡಬೇಕಾದವರು ಗುರುಗಳೇ.