ಅನಿಲ ಒಲೆಯ ನಿಯಮ ಅಡುಗೆಮನೆಗೆ ತಲುಪಲಿ

ಮನೆಯ ಅಡುಗೆ ಒಲೆಯ ವಿಚಾರದಲ್ಲಿ ಸರಕಾರ ಎಷ್ಟರ ಮಟ್ಟಿಗೆ ಕೈಹಾಕಬಹುದು ಎಂಬ ಪ್ರಶ್ನೆ ಅಮೆರಿಕದಲ್ಲಿ ದೊಡ್ಡ ವಿವಾದವಾಗಿದೆ. ಅಲ್ಲಿನ ಬರ್ಕ್ಲಿ ನಗರವು 2019ರಲ್ಲಿ ಹೊಸ ಕಟ್ಟಡಗಳಿಗೆ ಅನಿಲ ಕೊಳವೆಯ ಸಂಪರ್ಕವನ್ನೇ ನಿಷೇಧಿಸಿತು. 2023ರಲ್ಲಿ ನ್ಯಾಯಾಲಯ ಆ ನಿಷೇಧವನ್ನು ರದ್ದುಪಡಿಸಿತು. ಅನಿಲ ಉರಿಯುವಾಗ ಹೊರಡುವ ನೈಟ್ರೋಜನ್ ಡೈಆಕ್ಸೈಡ್ ಮಕ್ಕಳ ಶ್ವಾಸಕೋಶಕ್ಕೆ ಕೆಡುಕು ಎಂಬುದು ಒಂದು ಪಕ್ಷದ ವಾದ. ನಮ್ಮ ಅಡುಗೆಮನೆಗೆ ಸರಕಾರ ಕಾಲಿಡಬಾರದು ಎಂಬುದು ಇನ್ನೊಂದು ಪಕ್ಷದ ಪಟ್ಟು.

ನಮ್ಮ ದೇಶದ ಸ್ಥಿತಿ ಬೇರೆ. ಮಡಲು, ಕೊತ್ತಳಿಗೆ, ಗೆರಟೆ ಉರಿಸಿ, ಹೊಗೆಯಲ್ಲಿ ಕೆಮ್ಮುತ್ತ ಬೇಯಿಸಿ ಬಡಿಸಿದ ತಾಯಂದಿರನ್ನು ಕಂಡು ಬೆಳೆದವರು ನಾವು. ಆ ಹೊಗೆಯಿಂದ ಬಿಡಿಸಲೆಂದೇ 2016ರ ಮೇ 1ರಂದು ಉಜ್ವಲಾ ಯೋಜನೆ ಪ್ರಾರಂಭವಾಯಿತು. ಆದುದರಿಂದ ಅನಿಲ ಒಲೆ ಬೇಕೋ ಬೇಡವೋ ಎಂಬುದು ನಮ್ಮ ಪ್ರಶ್ನೆಯಲ್ಲ. ಮನೆಯೊಳಗೆ ಬಂದ ಅನಿಲವನ್ನು ಅಪಾಯವಿಲ್ಲದೆ ಬಳಸುವುದು ಹೇಗೆ ಎಂಬುದೇ ಪ್ರಶ್ನೆ.

ಇದಕ್ಕೆ ನಿಯಮಗಳ ಕೊರತೆಯಿಲ್ಲ. ಅನಿಲದ ಪೂರೈಕೆ ಮತ್ತು ವಿತರಣೆಯನ್ನು ನಿಯಂತ್ರಿಸುವ ಆಜ್ಞೆಯೊಂದನ್ನು ಕೇಂದ್ರ ಸರಕಾರ 2000ದಲ್ಲಿ ಹೊರಡಿಸಿತು. ಮನೆಬಳಕೆಯ ಒಲೆ ಹೇಗಿರಬೇಕೆಂದು ಭಾರತೀಯ ಮಾನಕ ಸಂಸ್ಥೆ ಗೊತ್ತುಪಡಿಸಿದೆ. ಒಲೆಯಲ್ಲಿ ಉರಿದ ಶಾಖದ ಶೇಕಡಾ 68ರಷ್ಟಾದರೂ ಪಾತ್ರೆಗೆ ದಕ್ಕಬೇಕೆಂಬುದು ಅದರ ಒಂದು ನಿಬಂಧನೆ. ಕಳಪೆ ಒಲೆ ಕೊಂಡವರು ಅಪಾಯವನ್ನು ಮಾತ್ರವಲ್ಲ, ಪ್ರತಿದಿನದ ನಷ್ಟವನ್ನೂ ಕೊಂಡಂತೆ. ಐಎಸ್‌ಐ ಮುದ್ರೆಯ ಒಲೆಗೆ ಬೆಲೆ ಹೆಚ್ಚು, ಬಡವರಿಗೆ ಅದು ಹೊರೆ ಎಂಬ ಆಕ್ಷೇಪದಲ್ಲಿ ನ್ಯಾಯವಿದೆ. ಆದರೆ ಅದಕ್ಕೆ ಪರಿಹಾರ ನಿಯಮವನ್ನು ಸಡಿಲಿಸುವುದಲ್ಲ. ತಯಾರಕನನ್ನೂ ಮಾರಾಟಗಾರನನ್ನೂ ಬಿಗಿಹಿಡಿಯಬೇಕು. ಗೊತ್ತಿಲ್ಲದೆ ಕೊಂಡ ಬಡ ಗೃಹಿಣಿಯ ಮೇಲೆ ತಪ್ಪು ಹೊರಿಸಬಾರದು.

ಗೊತ್ತಿಲ್ಲದೆ ಎಂಬ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಹೆಚ್ಚಿನ ಅರ್ಥವಿದೆ. ಈ ಸಾಲುಗಳನ್ನು ಬರೆಯುವವರ ತರಗತಿಗೆ ಹುಡುಗಿಯೊಬ್ಬಳು ಹೊಸ ಅನಿಲ ಸಂಪರ್ಕದೊಂದಿಗೆ ಬಂದ ಸೂಚನಾ ಪತ್ರವನ್ನು ಪುಸ್ತಕದೊಳಗಿಟ್ಟು ತಂದಿದ್ದಳು. ಅಜ್ಜಿ ಓದಿಸಿಕೊಂಡು ಬಾ ಎಂದಿದ್ದರಂತೆ. ಕಾಗದದಲ್ಲಿ ಮಲಯಾಳವಿತ್ತು, ಇಂಗ್ಲಿಷ್ ಇತ್ತು, ಕನ್ನಡ ಇರಲಿಲ್ಲ. ಆ ಅಜ್ಜಿ ನಿರಕ್ಷರಿಯಲ್ಲ. ಮನೆಯಲ್ಲಿ ತುಳು ಆಡುವ, ಶಾಲೆಯಲ್ಲಿ ಕನ್ನಡ ಕಲಿತ, ಇಂದಿಗೂ ದಿನಪತ್ರಿಕೆ ಓದುವ ಹೆಂಗಸು. ತನ್ನದೇ ಅಡುಗೆಮನೆಯ ಎಚ್ಚರಿಕೆಯ ಮುಂದೆ ಮಾತ್ರ ಆಕೆ ಓದಲು ಬಾರದವಳಾದಳು.

ಆ ಕಾಗದದಲ್ಲಿರುವುದು ಸಣ್ಣ ವಿಷಯಗಳಲ್ಲ. ಜಾಡಿಯ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ವಿದ್ಯುತ್ ಸ್ವಿಚ್ ಮುಟ್ಟದೆ, ಬೆಂಕಿ ಕಡ್ಡಿ ಗೀರದೆ, ರೆಗ್ಯುಲೇಟರ್ ಮುಚ್ಚಿ ಬಾಗಿಲು ಕಿಟಕಿ ತೆರೆಯಬೇಕು. ಒಲೆ ಜಾಡಿಗಿಂತ ಎತ್ತರದಲ್ಲಿರಬೇಕು. ಸುರಕ್ಷಾ ಟ್ಯೂಬನ್ನು ಐದು ವರ್ಷದೊಳಗೆ ಬದಲಿಸಬೇಕು. ಜಾಡಿಯ ಹಿಡಿಕೆಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದು ಮತ್ತು ಇಸವಿ ಬರೆದಿರುತ್ತದೆ. ವರ್ಷದ ನಾಲ್ಕು ತ್ರೈಮಾಸಿಕಗಳಲ್ಲಿ ಯಾವುದರೊಳಗೆ ಆ ಜಾಡಿಯ ಪರೀಕ್ಷೆ ಆಗಬೇಕೆಂಬುದಕ್ಕೆ ಅದು ಗುರುತು. ಅವಧಿ ಮೀರಿದ ಜಾಡಿಯನ್ನು ಸ್ವೀಕರಿಸಬೇಕಾಗಿಲ್ಲ. ಸೋರಿಕೆಯಾದಾಗ ಕರೆಯಬೇಕಾದ ದೂರವಾಣಿ 1906. ಅವಘಡ ಸಂಭವಿಸಿದರೆ ತೈಲ ಕಂಪನಿಗಳು ಮಾಡಿಸಿದ ವಿಮೆಯ ರಕ್ಷಣೆಯೂ ಬಳಕೆದಾರರಿಗುಂಟು. ಇವುಗಳಲ್ಲಿ ಎಷ್ಟು ನಮ್ಮ ಮನೆಗಳಿಗೆ ಗೊತ್ತು? ಓದುಗರು ಇಂದೇ ತಮ್ಮ ಮನೆಯಲ್ಲಿ ಕೇಳಿನೋಡಲಿ.

ಇನ್ನು ಮುಂದೆ ಈ ಅಗತ್ಯ ಹೆಚ್ಚಲಿದೆ. ನಮ್ಮ ಜಿಲ್ಲೆಯನ್ನು ಹಾದುಹೋಗುವ 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ನೈಸರ್ಗಿಕ ಅನಿಲ ಕೊಳವೆ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಗೊಂಡಿತು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಗುಣ ಜಾಡಿಯದ್ದಕ್ಕೆ ವಿರುದ್ಧ. ಅದು ಗಾಳಿಗಿಂತ ಹಗುರ. ಸೋರಿದರೆ ಮೇಲಕ್ಕೇರಿ ಮಾಡಿನ ಕೆಳಗೆ ಸೇರುತ್ತದೆ. ಹಳೆಯ ಒಲೆಯನ್ನು ಅದಕ್ಕೆ ಹೊಂದಿಸದೆ ಉರಿಸುವಂತಿಲ್ಲ. ಜಾಡಿಯ ಪಾಠವನ್ನೇ ಕನ್ನಡದಲ್ಲಿ ಹೇಳದವರು ಈ ಹೊಸ ಪಾಠವನ್ನು ಯಾವ ಭಾಷೆಯಲ್ಲಿ ಹೇಳಲಿದ್ದಾರೆ?

ಮಲಯಾಳದ ಮೇಲೆ ನಮಗೆ ದ್ವೇಷವಿಲ್ಲ. ಅದನ್ನು ತೆಗೆಯಿರಿ ಎಂದೂ ನಾವು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಕನ್ನಡವೂ ಇರಲಿ ಎಂಬುದಷ್ಟೇ ಬೇಡಿಕೆ. ಕೇರಳದ 1969ರ ಅಧಿಕೃತ ಭಾಷಾ ಶಾಸನವೇ ಕನ್ನಡ ಅಲ್ಪಸಂಖ್ಯಾತರು ರಾಜ್ಯ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ನಡೆಸುವ ಅವಕಾಶವನ್ನು ಅಂಗೀಕರಿಸಿತ್ತು. ಕಚೇರಿಯ ಅರ್ಜಿಗೆ ಸಂದ ಮನ್ನಣೆ ಜೀವರಕ್ಷಣೆಯ ಮಾತಿಗೆ ಸಲ್ಲಬಾರದೇಕೆ? ತೈಲ ಕಂಪನಿಗಳು ಕೇಂದ್ರದ ಅಧೀನ ಎಂಬ ನೆಪ ಇಲ್ಲಿ ಸಲ್ಲದು. ಅವೇ ಕಂಪನಿಗಳು ಪಕ್ಕದ ಮಂಗಳೂರಿನಲ್ಲೂ ವ್ಯಾಪಾರ ಮಾಡುತ್ತಿವೆ. ತಲಪಾಡಿಯ ಆಚೆ ಕನ್ನಡ ಬಲ್ಲವರು ಈಚೆ ಅದನ್ನು ಮರೆಯಬೇಕಾಗಿಲ್ಲ.

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ವಿತರಕರೆಲ್ಲರೂ ಸುರಕ್ಷತಾ ಸೂಚನೆಗಳನ್ನು ಕನ್ನಡದಲ್ಲಿಯೂ ಅಚ್ಚುಹಾಕಿಸಿ ಮನೆಮನೆಗೆ ಮುಟ್ಟಿಸುವಂತೆ ಜಿಲ್ಲಾಧಿಕಾರಿಗಳು ಕ್ರಮ ಕೈಗೊಳ್ಳಬೇಕು. ಗ್ರಾಮ ಪಂಚಾಯತುಗಳು ಕುಟುಂಬಶ್ರೀ ಸಭೆಗಳಲ್ಲಿ ಇದನ್ನು ಓದಿ ಹೇಳಿಸಬೇಕು. ಅನುವಾದಕ್ಕೆ ಜನ ಸಿಗುವುದಿಲ್ಲವೆಂಬ ಚಿಂತೆ ಬೇಡ. ಜಿಲ್ಲೆಯ ಕನ್ನಡ ಅಧ್ಯಾಪಕರು ಸಂಬಳವಿಲ್ಲದೆ ಆ ಕೆಲಸ ಮಾಡಿಕೊಟ್ಟಾರು. ಒಲೆಗೆ ನಿಯಮ ಬೇಕು, ನಿಜ. ಆದರೆ ಒಲೆ ಹಚ್ಚುವವಳಿಗೆ ತಿಳಿಯದ ನಿಯಮ ಸರಕಾರದ ಕಡತವನ್ನು ಕಾಯಬಹುದೇ ಹೊರತು ಮನೆಯನ್ನು ಕಾಯಲಾರದು. ಸಂಬಂಧಪಟ್ಟವರು ದುರಂತಕ್ಕೆ ಕಾಯದೆ ಎಚ್ಚೆತ್ತುಕೊಳ್ಳಲಿ.