ಮೀನುಮನೆಯ ಪಂಚ್

ಅಮೆರಿಕದ ಫಿಲಡೆಲ್ಫಿಯಾ ನಗರದ ಬಳಿ, ಸ್ಕೂಲ್‌ಕಿಲ್ ನದಿಯ ದಂಡೆಯಲ್ಲಿ, 1732ರಲ್ಲಿ ಕೆಲವು ಗೃಹಸ್ಥರು ಕೂಡಿ ಮೀನು ಹಿಡಿಯುವವರ ಸಂಘವೊಂದನ್ನು ಕಟ್ಟಿಕೊಂಡರು. ಹೆಸರಿಗೆ ಮೀನಿನ ಬೇಟೆ. ನಡೆಯುತ್ತಿದ್ದುದು ಹೆಚ್ಚಾಗಿ ಊಟ, ಹರಟೆ, ಪಾನಗೋಷ್ಠಿ. ತಮ್ಮ ಸಂಘವನ್ನು ಮೊದಲು ಒಂದು ವಸಾಹತೆಂದೂ, ದೇಶ ಸ್ವತಂತ್ರವಾದ ಮೇಲೆ ಒಂದು ‘ರಾಜ್ಯ’ವೆಂದೂ ಕರೆದುಕೊಂಡ ಈ ರಸಿಕರು ತಮಗೊಬ್ಬ ಗವರ್ನರನನ್ನೂ ಆರಿಸಿಕೊಂಡರು. ಅಡುಗೆಯನ್ನು ಸದಸ್ಯರೇ ಮಾಡಬೇಕೆಂಬುದು ಅಲ್ಲಿಯ ಕಟ್ಟಳೆ. 1822ರ ಹೊತ್ತಿಗೆ ಫೇರ್‌ಮೌಂಟಿನಲ್ಲಿ ಅಣೆಕಟ್ಟು ಎದ್ದು ಮೀನು ಮೇಲೇರದಂತಾದಾಗ ಸಂಘವು ನದಿಯ ಕೆಳಭಾಗಕ್ಕೆ ಬಿಡಾರವೆತ್ತಿತು. ಮೀನು ಕೈಕೊಟ್ಟರೂ ಪಂಚ್ ಕೈಕೊಡಲಿಲ್ಲ.

ಪಂಚ್ ಎಂಬ ಹೆಸರು ಕನ್ನಡಿಗರ ಕಿವಿಗೆ ಅಪರಿಚಿತವೇನಲ್ಲ. ಹದಿನೇಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಆಂಗ್ಲ ವರ್ತಕರು ಸಾರಾಯಿಗೆ ನಿಂಬೆ, ಸಕ್ಕರೆ, ನೀರು, ಸಂಬಾರಗಳನ್ನು ಬೆರೆಸಿ ಕುಡಿಯುತ್ತಿದ್ದರು. ಪದಾರ್ಥಗಳು ಐದಾದ್ದರಿಂದ ಆ ಹೆಸರೆಂದು ಅದೇ ಕಾಲದ ಪ್ರವಾಸಿ ಜಾನ್ ಫ್ರೈಯರ್ ವಿವರಿಸಿದ್ದಾನೆ; ಪಂಡಿತರೆಲ್ಲರೂ ಅದನ್ನು ಒಪ್ಪಿಲ್ಲ.

ಮೂವತ್ತು ಸಣ್ಣ ಬಟ್ಟಲುಗಳಿಗೆ ಬೇಕಾಗುವುದು ಹಳದಿಯ ದೊಡ್ಡ ನಿಂಬೆಹಣ್ಣು 8, ಸಕ್ಕರೆ 350 ಗ್ರಾಂ. ಹಣ್ಣಿನ ಹಳದಿ ಸಿಪ್ಪೆಯನ್ನಷ್ಟೇ ತೆಳುವಾಗಿ ಹೆರೆಯಬೇಕು. ಒಳಗಿನ ಬಿಳಿಯ ಪದರ ಕಹಿ. ಸಿಪ್ಪೆಯನ್ನು ಸಕ್ಕರೆಯೊಡನೆ ಚೆನ್ನಾಗಿ ಜಜ್ಜಿ ಒಂದು ಗಂಟೆಯಾದರೂ ಮುಚ್ಚಿಡಬೇಕು. ಸಿಪ್ಪೆಯಲ್ಲಡಗಿರುವ ಸುವಾಸನೆಯ ಎಣ್ಣೆಯನ್ನು ಸಕ್ಕರೆ ಹೀರಿಕೊಂಡು ಒದ್ದೆಯಾಗುತ್ತದೆ. ಪಂಚಿನ ಜೀವವಿರುವುದು ಇಲ್ಲಿಯೇ; ಬರಿಯ ರಸ ಹಿಂಡಿದರೆ ಹುಳಿ ಬಂದೀತು, ಪರಿಮಳ ಬಾರದು. ಬಳಿಕ ಒಂದು ಲೀಟರ್ ಬಿಸಿನೀರಿನಲ್ಲಿ ಸಕ್ಕರೆಯನ್ನು ಕರಗಿಸಿ, ಸೋಸಿ, ಆರಿದ ಮೇಲೆ ಹಣ್ಣುಗಳ ರಸವನ್ನೂ ಅರ್ಧ ಲೀಟರ್ ತಣ್ಣೀರನ್ನೂ ಸೇರಿಸಬೇಕು. ಕೊನೆಗೆ ಜಮೈಕಾ ರಮ್ ಒಂದು ಲೀಟರ್, ಕಾನ್ಯಾಕ್ ಅರ್ಧ ಲೀಟರ್, ಪೀಚ್ ಬ್ರಾಂದಿ ಅರ್ಧಪಾವು ಲೀಟರ್.

ಈ ಪೀಚ್ ಬ್ರಾಂದಿಯದೇ ತೊಡಕು. ಹಿಂದೆ ಅದು ಪೀಚ್ ಹಣ್ಣಿನಿಂದಲೇ ಭಟ್ಟಿಯಿಳಿಸಿದ ಖಡಕ್ಕಾದ ಮದ್ಯ. 1920ರಿಂದ 1933ರವರೆಗಿನ ಪಾನನಿರೋಧದ ತರುವಾಯ ಅದು ಬಲು ಅಪರೂಪವಾಗಿ, ಅದರ ಹೆಸರಿನಲ್ಲಿ ಸಿಹಿಪಾಕದಂಥ ಪೇಯವೇ ಹೆಚ್ಚಾಗಿ ಬಳಕೆಗೆ ಬಂದಿತು. ಅಂಥದನ್ನೇ ಹಾಕುವುದಾದರೆ ಸಕ್ಕರೆಯನ್ನು ತಗ್ಗಿಸುವುದು ಲೇಸು.

ಮಂಜುಗಡ್ಡೆ ಒಂದೇ ದೊಡ್ಡ ಹೆಂಟೆಯಾಗಿರಬೇಕು. ಹಿಂದಿನ ರಾತ್ರಿಯೇ ಪಾತ್ರೆಯೊಂದರಲ್ಲಿ ನೀರನ್ನು ಹೆಪ್ಪುಗಟ್ಟಿಸಿದರೆ ಆಯಿತು. ಚೂರುಗಳು ಬೇಗ ಕರಗಿ ಪಂಚನ್ನು ನೀರುನೀರಾಗಿಸುತ್ತವೆ. ಹೆಂಟೆ ಮೆಲ್ಲಗೆ ಕರಗುತ್ತ ಸಂಜೆಯುದ್ದಕ್ಕೂ ಅದನ್ನು ತಂಪಾಗಿಡುತ್ತದೆ.

ಸಿಹಿಹುಳಿಯ ಮರೆಯಲ್ಲಿ ಮದ್ಯದ ಕಾವು ನಾಲಗೆಗೆ ತಿಳಿಯದು. ಒಂದು ಬಟ್ಟಲು ಹೆಚ್ಚುಕಡಿಮೆ ಎರಡು ಸಣ್ಣ ಪೆಗ್ಗಿಗೆ ಸಮ. ಬಾಯಾರಿ ಬಂದ ಅತಿಥಿ ಅದನ್ನು ಪಾನಕದಂತೆ ಗಟಗಟನೆ ಕುಡಿದುಬಿಟ್ಟಾನು. 1862ರಲ್ಲಿ ಅಚ್ಚಾದ ಜೆರ್ರಿ ಥಾಮಸನ ಪಾನೀಯಗ್ರಂಥವು ಒಂದು ಪೈಂಟ್ ಮದ್ಯದ ಪಾಕವನ್ನು ಹೇಳಿ, ಇದು ಒಬ್ಬನಿಗೆ ಸಾಕೆಂದು ತುಂಟತನದಿಂದ ಸೇರಿಸಿದೆ. ವಾಷಿಂಗ್ಟನ್ನರು ಈ ಪಂಚನ್ನು ಕುಡಿದು ಮೂರು ದಿನ ದಿನಚರಿ ಬರೆಯಲಾರದೆ ಹೋದರೆಂಬ ಕಥೆಯೂ ಸ್ವಾರಸ್ಯದ್ದೇ. ನಂಬಲು ಆಧಾರ ಸಾಲದು.

ಆದುದರಿಂದ ಬಡಿಸುವ ಬಟ್ಟಲು ಚಿಕ್ಕದಿರಲಿ, ಜೊತೆಗೆ ಊಟವಿರಲಿ, ವಾಹನ ನಡೆಸುವವರಿಗೆ ಕೊಡುವುದು ಬೇಡ. ಮದ್ಯವನ್ನು ಬೆರೆಸುವ ಮೊದಲೇ ನಿಂಬೆಯ ಪಾನಕವನ್ನು ಒಂದಿಷ್ಟು ಬೇರೆ ಹೂಜಿಗೆ ತೆಗೆದು, ನೀರು ಸೇರಿಸಿಟ್ಟರೆ ಮಕ್ಕಳಿಗೂ ಕುಡಿಯದವರಿಗೂ ಆದೀತು.