ಪರಿಸರದ ವಕೀಲಿಕೆಗೆ ಹೊರಟ ಮಕ್ಕಳನ್ನು ತಡೆಯಬೇಡಿ



ಮಗ ಕಾನೂನು ಓದಿದರೆ ಜಮೀನಿನ ದಾವೆಗೆ ಆದಾನು ಎಂಬುದು ನಮ್ಮ ಹಳ್ಳಿಗಳ ಹಳೆಯ ಲೆಕ್ಕ. ಈಗ ಕೆಲವು ಮಕ್ಕಳು ಹೊಳೆ, ಗಾಳಿ, ಗೋಮಾಳದ ಕಾನೂನಿನಲ್ಲೇ ವೃತ್ತಿ ಆರಂಭಿಸುತ್ತೇವೆ ಎನ್ನುತ್ತಾರೆ. ಮೊದಲ ವರ್ಷಗಳಲ್ಲಿ ಸಂಪಾದನೆ ಕಡಿಮೆ, ನಿಜ. ಕಿರಿಯ ವಕೀಲರಿಗೆ ಹಳ್ಳಿಗಾಡಿನಲ್ಲಿ ತಿಂಗಳಿಗೆ 15 ಸಾವಿರ, ಪಟ್ಟಣದಲ್ಲಿ 20 ಸಾವಿರ ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಹೇಳಿತು. ಆದರೆ ಅದು ಬರೀ ಶಿಫಾರಸು. ಮನೆಯವರು ಎರಡು ಮೂರು ವರ್ಷ ಕೈಹಿಡಿಯಬೇಕಾಗುತ್ತದೆ.

ಹಿಡಿಯುವುದು ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. 1984ರಲ್ಲಿ ನೀಲಗಿರಿ ಬೆಳೆಸಲೆಂದು ಸುಮಾರು 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ವಹಿಸಲಾಯಿತು. 1987ರ ನವೆಂಬರಿನಲ್ಲಿ ಕುಸನೂರಿನ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಮರದ ಸಸಿ ಹಚ್ಚಿದ್ದು ಹಿರಿಯರಿಗೆ ನೆನಪಿದ್ದೀತು. ಅದಕ್ಕೂ ಮೊದಲೇ, 1986ರಲ್ಲಿ, ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದರು. 1991ರಲ್ಲಿ ಕಂಪನಿ ಮುಚ್ಚುವ ತೀರ್ಮಾನವಾಯಿತು. ಹೊಲದಲ್ಲಿ ಜನ, ಕೋರ್ಟಿನಲ್ಲಿ ಕಾಗದ, ಎರಡೂ ಇದ್ದವು.

ಕಾಗದದ ಕೆಲಸ ಸುಲಭವಲ್ಲ. ಕಾರ್ಖಾನೆಯ ಕೊಳೆನೀರು ಬಾವಿಗೆ ಇಳಿದರೆ ನಾವು ಬಾಟಲಿ ತುಂಬಿಕೊಂಡು ಕಚೇರಿಗೆ ಓಡುತ್ತೇವೆ. ಆ ಬಾಟಲಿಗೆ ಕೋರ್ಟಿನಲ್ಲಿ ಹೆಚ್ಚು ತೂಕವಿಲ್ಲ. 1974ರ ಜಲ ಕಾಯಿದೆಯ ಪ್ರಕಾರ ಮಂಡಳಿಯ ಅಧಿಕಾರಿಯೇ ಕಾರ್ಖಾನೆಯವರಿಗೆ ನೋಟಿಸು ಕೊಟ್ಟು, ಮಾದರಿ ತೆಗೆದು, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬೇಕು. ಹಾಗೆ ಮಾಡಿಸುವವರು ಊರಿನಲ್ಲಿ ಯಾರಿದ್ದಾರೆ? ದಿನದ ಲೆಕ್ಕವೂ ಉಂಟು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ದೂರನ್ನು, ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಕೊಡಬೇಕು. ಸಕಾರಣವಿದ್ದರೆ ಇನ್ನು 60 ದಿನ, ಅಷ್ಟೇ. ಪರಿಹಾರ ಕೇಳಲು 5 ವರ್ಷ ಅವಕಾಶವಿದೆ. ನಮಗೆ ಸಂಬಂಧಿಸಿದ ಪೀಠ ಇರುವುದು ಚೆನ್ನೈನಲ್ಲಿ. ಎರಡು ಬೆಳೆ ಹಾಳಾಗುವವರೆಗೆ ಕಾಯ್ದವನಿಗೆ ಮೊದಲ ಬಾಗಿಲು ಮುಚ್ಚಿರುತ್ತದೆ.

ಪಿಯುಸಿ ಆದವರಿಗೆ 5 ವರ್ಷದ, ಪದವೀಧರರಿಗೆ 3 ವರ್ಷದ ಕಾನೂನು ವ್ಯಾಸಂಗವಿದೆ. ಕೃಷಿ ಪದವಿ ಪಡೆದವರು ಈ ಕಡೆ ಬರಲೆಂದು ನಮಗೆ ವಿಶೇಷ ಆಸೆ. ನೀರಿನ ವರದಿಯಲ್ಲಿ ಲವಣಾಂಶ ಎಷ್ಟಿದ್ದರೆ ಪೈರು ಸುಡುತ್ತದೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಂಥ ಹುಡುಗ ಹುಡುಗಿಯರು ರಜೆಗೆ ಊರಿಗೆ ಬಂದಾಗ ಕೆಲಸ ಕೊಡಿ. ದೊಡ್ಡ ಯೋಜನೆಗಳ ಪರಿಸರ ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿಯೂ ಇರಬೇಕು. ಜಿಲ್ಲಾಧಿಕಾರಿಗಳ ಕಚೇರಿಯಿಂದ ಅದನ್ನು ತರಿಸಿ, ಸಭೆಗೆ ಹೋಗುವ ಮುನ್ನ ವಾಚನಾಲಯದಲ್ಲಿ ಅವರಿಂದ ಗಟ್ಟಿಯಾಗಿ ಓದಿಸಿರಿ.